ಮೇಡಂ ಬರೆದುಕೊಂಡ ಹದಿನೇಳು

ಮೇಡಂ,

ಕಾಲೇಜಿನಲ್ಲಿ ನಿಮ್ಮ ಲ್ಯಾಬಿನ ಅಟೆಂಡರ್ ಆಗಿದ್ದ ಶಿವಣ್ಣ ಬರೆಯುತ್ತಿದ್ದೇನೆ. ನೀವಿದ್ದಾಗ ರಜಾ ಚೀಟಿಯನ್ನೂ ಬೇರೆಯವರ ಕೈಲಿ ಬರೆಸುತ್ತಿದ್ದವನು ನಾನು. ಈಗ ಬರೆಯದೆ ವಿಧಿಯಿಲ್ಲ. ಇವತ್ತು ತಿಂಗಳ ಮೊದಲ ಭಾನುವಾರ. ಬೆಳಿಗ್ಗೆ ಕೆರೆಗೆ ಹೋಗಿದ್ದೆ.

ಮೊದಲ ಸಲ ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋದ ದಿನ ನೆನಪಿದೆಯೇ? ಜಯನಗರದಲ್ಲಿ ಬಸ್ಸು ಹತ್ತಿ ಜರಗನಹಳ್ಳಿಯಲ್ಲಿ ಇಳಿದೆವು. ನಿಮ್ಮ ಕಂಕುಳಲ್ಲಿದ್ದ ಕಬ್ಬಿಣದ ಚೌಕಟ್ಟು ನೋಡಿ ಕಂಡಕ್ಟರ್, "ಮನೆ ಕಟ್ತಿದೀರಾ ಮೇಡಂ?" ಅಂದಿದ್ದ. ಕೆಸರಿನಲ್ಲಿರುವ ಕಪ್ಪೆಚಿಪ್ಪು ಎಣಿಸೋಕೆ ಬಂದಿದ್ದೇವೆ ಎಂದು ತಿಳಿದಾಗ ನನಗೆ ನಗು ತಡೆಯಲಾಗಲಿಲ್ಲ. ನಮ್ಮವ್ವ ಆ ಚಿಪ್ಪಿನ ಬೆನ್ನು ತೇಯ್ದು ತೂತು ಮಾಡಿ ಮಾವಿನಕಾಯಿ ಸಿಪ್ಪೆ ಹೆರೆಯುತ್ತಿದ್ದಳು. ಒಳಗೆ ಜೀವವಿರುವ ಚಿಪ್ಪು ಎಷ್ಟಿದೆ ಎಂದು ಯಾರಾದರೂ ತಿಂಗಳು ತಿಂಗಳು ಎಣಿಸುತ್ತಾರೆಯೇ?

ಎಣಿಸುವುದಕ್ಕೂ ನಿಮ್ಮದೊಂದು ಶಿಸ್ತಿತ್ತು. ಜಾಗ ನಾವೇ ಆರಿಸಿದಂತಾಗಬಾರದೆಂದು ಕೆರೆಗೆ ಬೆನ್ನು ಹಾಕಿ ಚೌಕಟ್ಟು ಎಸೆಯಬೇಕು, ಐದು ಸಲ. ಬಿದ್ದ ಕಡೆ ಚೌಕಟ್ಟಿನೊಳಗಿನ ಕೆಸರಿಗೆ ಕೈಹಾಕಿ ತಡವಬೇಕು. ಸಿಕ್ಕಿದ್ದನ್ನು ಎಣಿಸಿ ತೆಗೆದಲ್ಲೇ ಇಡಬೇಕು. ಕೊನೆಗೆ ನಾನು ಒಟ್ಟು ಕೂಗಿದರೆ, ನನ್ನ ಎಡಭುಜದ ಹಿಂದೆ ನಿಂತ ನೀವು ಅದನ್ನೇ ತಿರುಗಿ ಹೇಳಿ ಬರೆದುಕೊಳ್ಳುತ್ತಿದ್ದಿರಿ. "ತಿರುಗಿ ಹೇಳ್ದೆ ಬರ್ಕೊಂಡ್ರೆ ಅದು ಲೆಕ್ಕಾನೇ ಅಲ್ಲ ಶಿವಣ್ಣ." ಅನುಮಾನ ಬಂದರೆ ವಿದ್ಯಾರ್ಥಿಗಳಿಗೆ "ಇನ್ನೊಂದ್ ಸಲ ನೋಡು" ಅನ್ನುತ್ತಿದ್ದಿರಿ. ನನಗೆ ಒಂದು ದಿನವೂ ಹಾಗೆ ಅನ್ನಲಿಲ್ಲ.

ಒಮ್ಮೆ ಕೊಕ್ಕರೆಯೊಂದು ನಾವು ಎಣಿಸಿಟ್ಟ ಚಿಪ್ಪನ್ನೇ ಕಿತ್ತು ತಿನ್ನುತ್ತಿತ್ತು. ನಾನು ಕಲ್ಲು ಎತ್ತಿಕೊಂಡೆ. "ಬಿಡು, ದಡ ಅದರದ್ದೂ ಹೌದು" ಅಂದಿರಿ. ಬಟ್ಟೆ ಒಗೆಯುತ್ತಿದ್ದ ಮುನಿಯಮ್ಮ ನಮ್ಮಿಬ್ಬರನ್ನೂ ನೋಡಿ, "ಇದ್ನೆಲ್ಲ ಎಣ್ಸೋಕೂ ಸಂಬ್ಳ ಕೊಡ್ತಾರಾ ಸಾರ್?" ಎಂದು ಬಾಯಿ ತುಂಬ ನಕ್ಕಳು. ಅವಳು, ಎಮ್ಮೆಗಳು, ಕೊಕ್ಕರೆ, ನಾವು. ಎಲ್ಲರಿಗೂ ಸಾಲುವಷ್ಟು ದಡವಿತ್ತು ಆಗ.

ನೀವು ಹಾಸಿಗೆ ಹಿಡಿದ ವರ್ಷ ಸುತ್ತಲ ಹೊಲಗಳಲ್ಲಿ ಸೈಟಿನ ಕಲ್ಲುಗಳು ನಿಂತವು, ಹೊಸ ಮನೆಗಳ ಚರಂಡಿ ಕೆರೆಗೆ ಇಳಿಯಿತು. ಒಂದು ತಿಂಗಳ ಮೊದಲ ಭಾನುವಾರ ಒಬ್ಬನೇ ಹೋಗಿದ್ದೆ. ಐದು ಸಲ ಎಸೆದೆ. ಕೈಗೆ ಸಿಕ್ಕಿದ್ದೆಲ್ಲ ಬಾಯಿ ಬಿಟ್ಟ ಖಾಲಿ ಚಿಪ್ಪು. ಸಂಜೆ ನಿಮ್ಮ ಮನೆಗೆ ಬಂದಾಗ ದಿಂಬಿನ ಪಕ್ಕದಿಂದ ಲೆಕ್ಕದ ಪುಸ್ತಕ ತೆಗೆದು, "ಎಷ್ಟು?" ಅಂದಿರಿ. ನಿಮ್ಮ ಮುಖ ನೋಡಿ ನಿಜ ಹೇಗೆ ಹೇಳಲಿ... "ಹದಿನೇಳು" ಅಂದುಬಿಟ್ಟೆ. "ಹದಿನೇಳು" ಎಂದು ತಿರುಗಿ ಹೇಳಿ ಬರೆದುಕೊಂಡಿರಿ. ಮೂರನೇ ದಿನಕ್ಕೆ ನೀವಿಲ್ಲ. ನಿಮ್ಮ ಕೈಯಿಂದ ಕೊನೆಯದಾಗಿ ನಾನು ಬರೆಸಿದ್ದು ಸುಳ್ಳು, ಮೇಡಂ.

ತಿಥಿ ಮುಗಿದ ಮೇಲೆ ನಿಮ್ಮ ತಂಗಿ ಪುಸ್ತಕವನ್ನು ನನ್ನ ಕೈಗಿತ್ತರು. ಮುಂದಿನ ತಿಂಗಳ ಮೊದಲ ಭಾನುವಾರ ಹೋಗಿ ಎಣಿಸಿ, ಅಭ್ಯಾಸಬಲದಿಂದ "ಸೊನ್ನೆ" ಎಂದು ಕೂಗಿದೆ. ಎಡಭುಜದ ಹಿಂದಿನಿಂದ "ಹದಿನೇಳು" ಎಂದು ಕೇಳಿತು. ಮಾತಿಗೆ ಮುಂಚೆ ನೀವು ಎಳೆದುಕೊಳ್ಳುತ್ತಿದ್ದ ಆ ಉಸಿರೂ ಕೇಳಿತು. ತಿರುಗಿದರೆ ಬರೀ ಒದ್ದೆ ಮಣ್ಣು. ಮುನಿಯಮ್ಮ ಎತ್ತಿದ ಬಟ್ಟೆಯನ್ನು ಹಾಗೇ ಹಿಡಿದು ನಿಂತಿದ್ದಳು. "ಯಾರ್ ಸಾರ್, ಹದ್ನೇಳು ಅಂದಿದ್ದು?" "ನಾನೇ ಕಣಕ್ಕ" ಅಂದೆ. ಇನ್ನೊಂದು ಸುಳ್ಳು. ಅವಳು ಬಟ್ಟೆ ಗಂಟು ಕಟ್ಟಿಕೊಂಡು ಹೋದವಳು ಮತ್ತೆ ಆ ಒಗೆಯುವ ಕಲ್ಲಿಗೆ ಬರಲಿಲ್ಲ.

ಆಮೇಲೆ ಪ್ರತಿ ತಿಂಗಳೂ ಅದೇ. ನಾನು ಸೊನ್ನೆ ಅಂದರೆ ನೀವು ಹದಿನೇಳು. ನನ್ನ ಮಾತಿಗೂ ನಿಮ್ಮ ಮಾತಿಗೂ ತಾಳೆಯಾಗದೆ ಏನೂ ಬರೆಯಲಾಗಲಿಲ್ಲ. ಎರಡು ವರ್ಷದ ಪುಟ ಖಾಲಿ ಉಳಿಯಿತು. ಭಯವಾಗುತ್ತಿತ್ತು, ನಿಜ. ಆದರೆ ನಿಮ್ಮ ದನಿಯಲ್ಲಿ ಒಂದಿಷ್ಟೂ ಅನುಮಾನವಿಲ್ಲದ್ದು ಅದಕ್ಕಿಂತ ಹೆಚ್ಚು ನೋಯಿಸುತ್ತಿತ್ತು.

ಇವತ್ತು ದಡದಲ್ಲಿ ಕೂತು ಪುಸ್ತಕ ತೆರೆದೆ. "ಆವತ್ತು ಒಂದೂ ಇರ್ಲಿಲ್ಲ ಮೇಡಂ, ನಾನೇ ಸುಳ್ಳು ಹೇಳ್ದೆ" ಎಂದು ಗಟ್ಟಿಯಾಗಿ ಹೇಳಿ, ನಿಮ್ಮ ಹದಿನೇಳರ ಮೇಲೆ ಗೆರೆ ಎಳೆದು ಸೊನ್ನೆ ಬರೆದು ರುಜು ಹಾಕಿದೆ. ಎದ್ದು ಚೌಕಟ್ಟು ಎಸೆದೆ. ಐದನೆಯ ಸಲ, ಮೊಣಕೈವರೆಗಿನ ಕೆಸರಿನಲ್ಲಿ, ಏನೋ ನನ್ನ ಬೆರಳ ಕೆಳಗೆ ಮೆಲ್ಲಗೆ ಬಾಯಿ ಮುಚ್ಚಿಕೊಂಡಿತು. ಜೀವವಿತ್ತು, ಮೇಡಂ!

"ಒಂದು" ಎಂದು ಕೂಗಿದೆ. ಎಡಭುಜದ ಹಿಂದೆ ಉಸಿರು ಎಳೆದುಕೊಂಡ ಸದ್ದು. "ಇನ್ನೊಂದ್ ಸಲ ನೋಡು."

ಅಂತೂ ನನ್ನ ಮೇಲೆ ಅನುಮಾನ ಪಟ್ಟಿರಿ. ಅಳು ಬಂತು. ಕೆಸರನ್ನೆಲ್ಲ ಮತ್ತೆ ತಡವಿದೆ. "ಒಂದು" ಅಂದೆ. "ಒಂದು" ಅಂದಿರಿ. ಬರೆದುಕೊಂಡೆ.

ಮನೆಗೆ ತಂದು ಬಕೆಟ್ಟಿನಲ್ಲಿ ಇಟ್ಟುಕೊಳ್ಳೋಣ ಅನ್ನಿಸಿತ್ತು, ಯಾಕೆಂದರೆ ಹತ್ತು ಹೆಜ್ಜೆ ಆಚೆ ಕೊಕ್ಕರೆ ನಿಂತಿತ್ತು. ಆದರೂ ತೆಗೆದಲ್ಲೇ ಇಟ್ಟೆ, ಕಲ್ಲು ಎತ್ತಲಿಲ್ಲ. ಮುಂದಿನ ತಿಂಗಳು ಬರುತ್ತೇನೆ. ಸೊನ್ನೆಯಾಗಿದ್ದರೆ ಸೊನ್ನೆ ಎಂದೇ ಕೂಗುತ್ತೇನೆ ಮೇಡಂ, ನೀವೂ ಸೊನ್ನೆ ಅನ್ನಿ.

ನಿಮ್ಮ
ಶಿವಣ್ಣ