ಅಜ್ಜಿಯ ದಿಬ್ಬಕ್ಕೆ ಹಾಕಿದ ಸುಣ್ಣ

ಸುಬ್ರಹ್ಮಣ್ಯಪುರ, ಬೆಂಗಳೂರು
18-11-2002, ಕಾರ್ತಿಕ ಸೋಮವಾರ

ಮಗ ಚಿದಾನಂದನಿಗೆ, ಶಿವ ನಿನ್ನ ತಲೆ ಕಾಯಲಿ ಎಂದು ಬೇಡಿಕೊಳ್ಳುತ್ತಾ ನಿನ್ನ ಅಮ್ಮ ಬರೆಯುವುದು.

ಇವತ್ತು ನನಗೆ ಒಪ್ಪತ್ತು. ಬೆಳಗ್ಗೆ ಎದ್ದು ಅಂಗಳ ಸಾರಿಸಿ, ಹಾಲು ಕರೆದು ಡೇರಿಗೆ ಹಾಕಿ ಬಂದು ಪೂಜೆಗೆ ಕುಳಿತರೆ ಅಂಗೈಯ ಲಿಂಗದ ಮೇಲೆ ಮನಸ್ಸು ನಿಲ್ಲಲಿಲ್ಲ. ಪೂಜೆ ಮುಗಿಸಿದವಳೇ ಬರೆಯಲು ಕುಳಿತಿದ್ದೇನೆ. ನಿನ್ನ ಬಲಗೈ ಹೇಗಿದೆ? ಹೆಬ್ಬೆರಳ ಸಂದು ಸೀಳಿಹೋಗಿತ್ತು. ಹಾರೆಯ ತುಕ್ಕು ತಾಗಿದ ಗಾಯ ಅದು, ಇಂಜೆಕ್ಷನ್ ಹಾಕಿಸಿಕೊಂಡೆಯಾ? ತಿಪಟೂರಿನ ಚಳಿ ನಿನಗೆ ಆಗಿಬರುವುದಿಲ್ಲ. ದೊಡ್ಡಮ್ಮನ ಹತ್ತಿರ ಕಂಬಳಿ ಕೇಳಲು ಸಂಕೋಚ ಪಡಬೇಡ, ಅವಳೇನೂ ಹೊರಗಿನವಳಲ್ಲ.

ನೀನು ಹೊಡೆದವನು ಸತ್ತಿಲ್ಲ. ಮೊದಲು ಅದನ್ನು ಓದಿಕೊ. ಜೆಸಿಬಿ ಓಡಿಸುತ್ತಿದ್ದ ಆ ಹುಡುಗನ ಹೆಸರು ಹನಮಂತ, ಬಾದಾಮಿ ಕಡೆಯವನು. ಎಡಗಣ್ಣು ಹೋಯಿತು. ಪುಡಿಯಾದ ದವಡೆಗೆ ತಂತಿ ಕಟ್ಟಿದ್ದಾರೆ, ಮೂಗಿಗೆ ಹಾಕಿದ ಪೈಪಿನಲ್ಲಿ ಗಂಜಿ ಬಿಡುತ್ತಾರೆ.

ನಡೆದದ್ದು ನಿನಗೆ ಗೊತ್ತೇ ಇದೆ, ಆದರೂ ಸಾಲಾಗಿ ಬರೆಯುತ್ತೇನೆ. ಹಾಗೆ ಬರೆಯದಿದ್ದರೆ ನನಗೇ ತಲೆ ಕೆಡುತ್ತದೆ. ಹೊಲ ಮಾರಿದಾಗ ನಿನ್ನ ಅಜ್ಜಿ ಸಮಾಧಿಯಾಗಿ ಕುಳಿತಿರುವ ದಿಬ್ಬವೊಂದನ್ನು ಬಿಟ್ಟು ಉಳಿದದ್ದನ್ನು ಮಾತ್ರ ಲೇಔಟಿನವರಿಗೆ ಕೊಟ್ಟೆವು. ಅವರು ನೆಲ ಮಟ್ಟ ಮಾಡುವ ಪ್ಲಾನು ಮಾಡಿಸಿದಾಗ ಆ ದಿಬ್ಬವನ್ನೂ ಕಡಿದು, ಮಣ್ಣನ್ನು ಕಾಲುವೆ ಕಡೆಯ ತಗ್ಗಿಗೆ ತುಂಬುವುದು ಎಂದು ತೋರಿಸಿದರು. ನಿಮ್ಮಪ್ಪ ನಗರಸಭೆಗೆ ತಕರಾರು ಕೊಟ್ಟ ಮೇಲೆ ಅಲ್ಲಿನ ಇಂಜಿನಿಯರ್ ಮೇಡಂ, ಮೀಟಿಂಗಿನಲ್ಲಿ ತೀರ್ಮಾನ ಆಗುವ ತನಕ ದಿಬ್ಬವನ್ನು ಯಾರೂ ಮುಟ್ಟಕೂಡದು ಎಂದರು. ಹಾಗಿದ್ದೂ ಹೋದ ಸೋಮವಾರ ನಾವು ಹೂವು, ಬಿಲ್ವಪತ್ರೆ ಹಿಡಿದು ಹೋಗುವ ಹೊತ್ತಿಗೆ ಜೆಸಿಬಿ ದಿಬ್ಬದ ಮೇಲಿತ್ತು. ನಾವು ಕೂರಿಸಿ ಮಣ್ಣು ಕೊಡುವವರು, ಹಾಗಾಗಿ ಬಕೆಟ್ಟಿಗೆ ಮೊದಲು ಸಿಕ್ಕಿದ್ದು ತಲೆ. ಅದು ಉರುಳಿ ಬಂದು ನನ್ನ ಕಾಲಿಗೆ ತಾಗಿ ನಿಂತಿತು. ಹಣೆಯಲ್ಲಿ ವಿಭೂತಿ ಇನ್ನೂ ಗಟ್ಟಿಯಾಗಿ ಅಂಟಿಕೊಂಡಿತ್ತು. ಮಣ್ಣು ಕೊಡುವಾಗ ಅತ್ತೆಯ ಅಂಗೈಯಲ್ಲಿ ಇಟ್ಟಿದ್ದ ಲಿಂಗ ಈವರೆಗೂ ಸಿಕ್ಕಿಲ್ಲ, ನಿಮ್ಮಪ್ಪ ದಿನಾ ಹೋಗಿ ಮಣ್ಣು ಜರಡಿ ಹಿಡಿಯುತ್ತಾರೆ.

ನೀನು ಹನಮಂತನ ಕಾಲು ಹಿಡಿದು ಗಾಡಿಯಿಂದ ಕೆಳಗೆ ಎಳೆದೆ. ಹಾರೆಯ ಮೊದಲ ಏಟಿಗೆ ಅವನು, “ಯಪ್ಪಾ, ಯಾಕ ಬಡೀತೀರಿ?” ಎಂದು ಕೇಳಿದ. ಎರಡನೆಯದು ಬಾಯಿಗೇ ಬಿತ್ತು. ಆಮೇಲೂ ನಿನ್ನ ಕೈ ನಿಲ್ಲಲಿಲ್ಲ. ಅವನು ಮುಖಕ್ಕೆ ಕೈ ಅಡ್ಡ ಹಿಡಿದರೆ ಕೈಗೆ ಹೊಡೆದೆ, ಕೈ ಕೆಳಗೆ ಬಿದ್ದ ಮೇಲೆ ಮತ್ತೆ ಮುಖಕ್ಕೆ ಹೊಡೆದೆ. ಅಜ್ಜಿಯ ಮೂಳೆ, ಅವನ ಹಲ್ಲು ಎಲ್ಲಾ ಒಂದೇ ಮಣ್ಣಿನಲ್ಲಿ ಬಿದ್ದಿದ್ದವು, ಆರಿಸಿದವಳು ನಾನು. ಬೀದಿಯವರು ಮನೆಗೆ ಬಂದು, “ಚಿದು ಗಂಡ್ಸು ಕಣ್ರೀ ಪಾರ್ವತಮ್ಮ” ಎಂದು ಹೇಳಿ ಹೋದರು. ಆಸ್ಪತ್ರೆಗೆ ಹೋಗುವ ತನಕ ನನಗೂ ಹಾಗೇ ಅನ್ನಿಸಿತ್ತು.

ಅಲ್ಲಿ ಹನಮಂತನ ತಾಯಿ ಕೆಂಚವ್ವ ನಾನು ಯಾರೆಂದು ತಿಳಿದದ್ದೇ ತಡ, ತುರುಬು ಹಿಡಿದು ನನ್ನ ಹಣೆಯನ್ನು ಗೋಡೆಗೆ ಬಡಿದಳು. ನರ್ಸು ಬಂದು ಬಿಡಿಸಿದರು. ಆಮೇಲೆ ಅವಳು ನೆಲದ ಮೇಲೆ ಕುಸಿದು ಕುಳಿತು, “ಸುಣ್ಣದ ಗೆರಿ ಇದ್ದಲ್ಲಿ ಅಗೀ ಅಂತ ಹೇಳಿದ್ರು, ನನ್ ಮಗ ಅಗದಾನ. ಅವಂದೇನ್ ತಪ್ಪೈತ್ರೀ ಯಕ್ಕಾ?” ಎಂದು ಅತ್ತಳು. ಚಿದು, ಆ ಗೆರೆ ಹಾಕಿದವನು ನೀನು. ಪ್ರತಿ ಕಾರ್ತಿಕಕ್ಕೆ ಹಾಕುವ ಹಾಗೆ ಭಾನುವಾರ ಸಂಜೆ ಅಜ್ಜಿಯ ಸುತ್ತ ನೀನೇ ದುಂಡಗೆ ಸುಣ್ಣ ಎಳೆದು ಬಂದಿದ್ದೆ. ನಮಗೆ ಅದು ಪೂಜೆಯ ಗೆರೆ, ಜೆಸಿಬಿಯವರಿಗೆ ಕಡಿಯಬೇಕಾದ ಜಾಗದ ಗುರುತು. ಹನಮಂತ ಅವತ್ತೇ ಕೆಲಸಕ್ಕೆ ಸೇರಿದವನು, ದಿಬ್ಬದ ತಕರಾರು ಅವನ ಕಿವಿಗೆ ಬಿದ್ದಿರಲೇ ಇಲ್ಲ.

ಶನಿವಾರ ನಗರಸಭೆಯಲ್ಲಿ ಪ್ಲಾನಿನ ಮೀಟಿಂಗ್ ಇತ್ತು. ಲೇಔಟಿನ ಮ್ಯಾನೇಜರು ನನ್ನನ್ನು ಮೆಟ್ಟಿಲ ಹತ್ತಿರವೇ ತಡೆದು, “ಅಮ್ಮಾ, ಅಲ್ಲಿ ಸಮಾಧಿ ಇಲ್ಲ ಅಂತ ಒಂದು ಸೈನ್ ಹಾಕ್ಬಿಡಿ. ಗಾಡಿಯಿಂದ ಬಿದ್ದೆ ಅಂತ ಹನಮಂತನ ಕೈಲಿ ನಾನು ಬರೆಸ್ತೀನಿ, ನಿಮ್ಮ ಹುಡುಗ ಆರಾಮಾಗಿ ಮನೆಗೆ ಬರ್ತಾನೆ” ಎಂದ. ನಾನು ಅವನನ್ನು ದಾಟಿ ಮೆಟ್ಟಿಲು ಹತ್ತಿದೆ. ಒಳಗೆ ಹೋದ ಮೇಲೆ ಅವನು, “ಸುಣ್ಣ ನಮ್ಮ ಹುಡುಗರದೇ ಮಾರ್ಕಿಂಗು ಮೇಡಂ. ಸಿಕ್ಕಿರೋ ಮೂಳೆ ಯಾವ್ದೋ ದನದ್ದು” ಎಂದುಬಿಟ್ಟ. ನಿಮ್ಮಪ್ಪ ಕಬ್ಬಿಣದ ಕುರ್ಚಿ ಎತ್ತಿ ಅವನ ಹೆಗಲಿಗೆ ಬೀಸಿದರು. ಅವನ ಕಡೆಯವರು ಇವರನ್ನು ಕೆಡವಿ ಪಕ್ಕೆಗೆ ಒದ್ದರು. ಬಿಡಿಸಲು ಹೋದ ನನ್ನ ಬಳೆಗಳು ಮುಂಗೈಗೆ ಚುಚ್ಚಿಕೊಂಡವು, ಟೇಬಲ್ಲಿನ ಮೇಲೆ ಹರಡಿದ್ದ ಪ್ಲಾನಿನ ತುಂಬಾ ನನ್ನ ರಕ್ತ. ಪೊಲೀಸರು ಬಂದು ಎಲ್ಲರನ್ನೂ ಕೂರಿಸಿದ ಮೇಲೆ ಮೇಡಂ ಒಂದೇ ಮಾತು ಕೇಳಿದರು, “ಆ ಸುಣ್ಣ ಯಾರು ಹಾಕಿದ್ದು?” ನಿಮ್ಮಪ್ಪ ನನ್ನ ಕಡೆ ನೋಡಿ, ನಿನ್ನ ಹೆಸರು ಹೇಳುವುದು ಬೇಡ ಎಂದು ತಲೆ ಆಡಿಸಿದರು. ನಾನು ಎದ್ದು, “ನನ್ನ ಮಗ ಹಾಕಿದ್ದು. ನಮ್ಮತ್ತೆ ಅಲ್ಲಿ ಕೂತಿದ್ದಾರೆ ಅಂತ ಹಾಕಿದ್ದು. ಹನಮಂತ ಅದನ್ನು ನೋಡಿ ಅಗೆದ, ನನ್ನ ಮಗ ಅವನನ್ನು ಹೊಡೆದ. ಆ ಹುಡುಗನದು ಏನೂ ತಪ್ಪಿಲ್ಲ” ಎಂದೆ. ಮೇಡಂ ಬರೆದುಕೊಂಡರು. ದಿಬ್ಬವನ್ನು ಹಾಗೇ ಉಳಿಸಿ, ಸುತ್ತ ಕಲ್ಲಿನ ಗೋಡೆ ತೋರಿಸಿ ಹೊಸ ಪ್ಲಾನು ತರಬೇಕೆಂದು ಹಳೆಯದನ್ನು ವಾಪಸ್ಸು ಮಾಡಿದರು. ಅಜ್ಜಿಗೆ ಜಾಗ ಉಳಿಯಿತು. ನಿಮ್ಮಪ್ಪ ಅವತ್ತಿನಿಂದ ನಾನು ಬಡಿಸಿದ್ದನ್ನು ಮುಟ್ಟುತ್ತಿಲ್ಲ.

ದೊಡ್ಡಮ್ಮನಿಗೆ ನನ್ನ ಶರಣು ಹೇಳು. ಹೊತ್ತಿಗೆ ಸರಿಯಾಗಿ ಉಣ್ಣು, ವಿಭೂತಿ ಇಡದೆ ಹೊರಗೆ ಹೋಗಬೇಡ. ನೀನು ಏನೇ ಮಾಡಿದರೂ ನನ್ನ ಹೊಟ್ಟೆಯಲ್ಲಿ ಹುಟ್ಟಿದವನು, ನನ್ನ ಆಶೀರ್ವಾದ ನಿನ್ನನ್ನು ಬಿಟ್ಟು ಎಲ್ಲಿಗೂ ಹೋಗುವುದಿಲ್ಲ.

ನಿನ್ನ ಅಮ್ಮ,
ಪಾರ್ವತಮ್ಮ

ಬರೆಯಲು ಕೈ ಬಾರದೆ ಉಳಿಸಿಕೊಂಡ ಮಾತು: ನೀನು ಎಲ್ಲಿದ್ದೀಯ ಎಂದು ಪೊಲೀಸರಿಗೆ ಹೇಳಿದ್ದೇನೆ. ನಾಳೆ ಅವರು ಅಲ್ಲಿಗೆ ಬರುತ್ತಾರೆ. ಅವರಿಗಿಂತ ಮುಂಚೆ ತಲುಪಲಿ ಎಂದು ಗುರುಬಸಪ್ಪ ಮಾವನ ಕೈಯಲ್ಲಿ ಈ ಕಾಗದ ಕೊಟ್ಟು ಕಳಿಸುತ್ತಿದ್ದೇನೆ. ಎಳೆಸಿಕೊಂಡು ಬರಬೇಡ, ಮಾವನ ಜೊತೆ ನೀನಾಗಿಯೇ ಬಾ. ಬರುವುದಿಲ್ಲ ಎಂದಾದರೆ ಆ ಮಾತನ್ನು ನಿನ್ನ ಕೈಯಲ್ಲೇ ಬರೆದು ಮಾವನಿಗೆ ಕೊಡು. ಅದನ್ನು ಅವನು ಮನೆಗೆ ತರುವುದು ಬೇಡ, ಆಸ್ಪತ್ರೆಗೆ ತರಲಿ. ನಾನು ಹನಮಂತನ ಮಂಚದ ಹತ್ತಿರ ಇರುತ್ತೇನೆ, ಕೆಂಚವ್ವನಿಗೆ ಓದಿ ಹೇಳಬೇಕು.