ನಿಮಗೂ ಹಾಗೇ

ಶುಕ್ರವಾರ, ಮಾರ್ಚ್ 2, 1984. ಸೆತೂಬಲ್, ಪೋರ್ಚುಗಲ್

ಮತ್ತಿ ಮೀನಿನ ತಲೆ ಕಿತ್ತು ಕಿತ್ತು ಬೆರಳು ಮರಗಟ್ಟಿವೆ. ಸಂಜೆ ಐದಕ್ಕೆ ಫ್ಯಾಕ್ಟರಿ ಗೇಟಿನಲ್ಲಿ ಮ್ಯಾನೇಜರ್ ಬೆಸ್ಸಾ, ಎಂದಿನಂತೆ. "ವಾರದ ರಜೆ ಚೆನ್ನಾಗಿರಲಿ." ನಾವು ಸಾಲಾಗಿ, "ಇಗುವಾಲ್ಮೆಂತ್." ನಿಮಗೂ ಹಾಗೇ. ಹನ್ನೊಂದು ವರ್ಷದ ಅಭ್ಯಾಸ. ಬಾಯಿ ತಾನಾಗಿ ಹೇಳುತ್ತದೆ.

ಬುಧವಾರ, 7

ನನ್ನ ಪಕ್ಕದಲ್ಲೇ ಕೆಲಸ ಮಾಡುವ ಗ್ರಸಿಂದಾಳ ಎರಡು ಬೆರಳು ಹೋದವು. ಡಬ್ಬಿ ಮುಚ್ಚುವ ಯಂತ್ರ. ಕೈ ಸಿಕ್ಕಿಕೊಳ್ಳದಂತೆ ಕಾಯುವ ಅದರ ಅಡ್ಡತಗಡು ಬಿಚ್ಚಿ ತಿಂಗಳಾಯಿತು— ಕೆಲಸ ಬೇಗ ಸಾಗಲೆಂದು ಬೆಸ್ಸಾನೇ ತೆಗೆಸಿದ್ದು. ನನ್ನ ಏಪ್ರನ್ನಿನಲ್ಲೇ ಅವಳ ಕೈ ಸುತ್ತಿದೆ.

ಶುಕ್ರವಾರ, 16

ಗ್ರಸಿಂದಾ ಬಂದಿದ್ದಳು, ಕೈಗೆ ಬ್ಯಾಂಡೇಜು. ಬೆರಳು ಹೋದದ್ದಕ್ಕೆ ಅವಳದೇ ಅಜಾಗ್ರತೆ ಕಾರಣವಂತೆ. ಕೆಲಸದಿಂದ ತೆಗೆದ ಕಾಗದ ಕೊಡುತ್ತ ಬೆಸ್ಸಾ ಅಂದ, "ಬೇಗ ಗುಣವಾಗಲಿ." ಪಾಪ, ಇವಳು— "ಥ್ಯಾಂಕ್ಸ್ ಸಾರ್, ನಿಮಗೂ ಹಾಗೇ."

ಯಾರೋ ಕಿಸಕ್ಕೆಂದರು. ಆಮೇಲೆ ಗ್ರಸಿಂದಾ ಬೆಂಚಿನ ಮೇಲೆ ಕೂತು ಅತ್ತಳು.

"ನೋಡೇ ಲುಸೀಲಿಯಾ, ಅವನಿಗೂ ಒಳ್ಳೇದಾಗ್ಲಿ ಅಂದ್ಬಿಟ್ಟೆ."

"ನೀನಲ್ಲ ಕಣೇ, ನಿನ್ನ ಬಾಯಿ."

ಸಂಜೆ ಗೇಟಿನಲ್ಲಿ ಅದೇ ಹಾರೈಕೆ. ಅವನ ಮುಖ ನೋಡಿದೆ. ನಾನು ತುಟಿ ಬಿಚ್ಚಲಿಲ್ಲ. ದಾಟಿ ಬಂದೆ.

ಸೋಮವಾರ, 19

ಬೆಸ್ಸಾ ಕರೆಸಿದ.

"ಶುಕ್ರವಾರ ಉತ್ತರಾನೇ ಕೊಡ್ಲಿಲ್ವಲ್ಲ ದೋನಾ ಲುಸೀಲಿಯಾ, ಮನೇಲೇನಾದ್ರೂ ತೊಂದ್ರೆನಾ?"

"ಇಲ್ಲ ಸಾರ್. ಹಾರೈಕೆ ಮನಸ್ಸಿಂದ ಬರ್ಬೇಕಲ್ವಾ."

ಒಂದು ಕಾಗದ ಮುಂದಕ್ಕೆ ತಳ್ಳಿದ. ಅಪಘಾತದ ದಿನ ತಗಡು ಇತ್ತು, ಕಣ್ಣಾರೆ ಕಂಡಿದ್ದೇನೆ ಎಂದು ನಾನು ಸಹಿ ಹಾಕಬೇಕಂತೆ.

"ಸ್ವಲ್ಪ ಮರ್ಯಾದೆ ಇಟ್ಕೊಳ್ಳಿ."

"ಇಟ್ಕೊಂಡಿರೋದಕ್ಕೇ ಸಹಿ ಹಾಕ್ತಿಲ್ಲ."

ಕಾಗದ ಅವನ ಕಡೆಗೇ ತಳ್ಳಿ ಎದ್ದೆ. 

ಹೊರಗೆ ಜುಲ್ಮೀರಾ. ಮೂವತ್ತು ವರ್ಷದಿಂದ ಇಲ್ಲಿರುವವಳು. "ಗೇಟಲ್ಲಿ ಆ ಒಂದು ಮಾತು ಹೇಳಿದ್ರೆ ನಿನ್ನ ಹಲ್ಲು ಉದುರ್ತಿತ್ತಾ?"

"ಇಲ್ಲ. ಬೆರಳು ಉದುರಿದ್ದು ಅವಳದು."

ಜುಲ್ಮೀರಾ ತನ್ನ ಬೆರಳು ನೋಡಿಕೊಂಡಳು.

ಶುಕ್ರವಾರ, 23

ನನ್ನನ್ನು ಐಸಿನ ಕೋಣೆಗೆ ಹಾಕಿದ್ದಾನೆ. ಹಾಕಲಿ.

ಸಂಜೆ ಗೇಟು. "ವಾರದ ರಜೆ ಚೆನ್ನಾಗಿರಲಿ." ಮುಂದೆ ಜುಲ್ಮೀರಾ— ಸೆಟೆದು ನಡೆದಳು, ಉತ್ತರವಿಲ್ಲ. ಹಿಂದೆ ನಾವು ನಲವತ್ತೊಂದು ಜನ. ಒಬ್ಬಳೂ ಉಸಿರೆತ್ತಲಿಲ್ಲ. ಬೂಟಿನ ಸದ್ದು ಮಾತ್ರ. ಇನ್ನೊಮ್ಮೆ ಹೇಳಿದ. ಮತ್ತೊಮ್ಮೆ. ಕೊನೆಗೆ ಕೇಳಿಸಲೇ ಇಲ್ಲ.

ಗುರುವಾರ, 29

ಕಾರ್ಮಿಕ ಇನ್ಸ್‌ಪೆಕ್ಟರ್ ಬಂದಿದ್ದರು. ತಗಡು ಯಾವ ದಿನ ಹೋಯಿತು, ಯಾರು ತೆಗೆಸಿದರು, ಎಲ್ಲ ಹೇಳಿದೆ. ಬೆಸ್ಸಾ ಎದುರಿಗೇ ಇದ್ದ. ಇನ್ನೂ ಹತ್ತು ಜನ ಹೇಳಿಕೆ ಕೊಟ್ಟರು.

ಶುಕ್ರವಾರ, ಏಪ್ರಿಲ್ 6

ತಗಡು ಹಾಕಿದ್ದಾರೆ. ಗ್ರಸಿಂದಾಳಿಗೆ ಸೋಮವಾರದಿಂದ ಕೆಲಸ, ಲೇಬಲ್ ಅಂಟಿಸುವುದು. ಕೆಲಸಗಾರರ ಹೊಸ ಪಟ್ಟಿಯಲ್ಲಿ ನನ್ನ ಹೆಸರಿಲ್ಲ. ಇಷ್ಟಾದರೂ ಮಾಡದೆ ಬಿಡುವವನಲ್ಲ ಅವನು. ಪಶ್ಚಾತ್ತಾಪವಿಲ್ಲ. ಭಯ ಇದೆ, ಸುಳ್ಳು ಬರೆಯಲಾರೆ.

ಈಗ ಗ್ರಸಿಂದಾ ನನ್ನ ಅಡುಗೆಮನೆಯಲ್ಲಿದ್ದಾಳೆ. ಆಲೂಗಡ್ಡೆ ಹೆರೆಯುತ್ತಿದ್ದಾಳೆ, ವಕ್ರವಕ್ರವಾಗಿ. ಚಾಕು ಕೇಳಿದರೆ ಕೊಡುತ್ತಿಲ್ಲ. ಬೀದಿಯಲ್ಲಿ ಗದ್ದಲ. ಜುಲ್ಮೀರಾಳ ಗಂಟಲು—

"ಲುಸೀಲಿಯಾ, ಸೋಮವಾರ ನೀನಿಲ್ದೆ ನಾವ್ಯಾರೂ ಒಳಗೆ ಕಾಲಿಡಲ್ಲ. ಕೆಳಗಿಳಿದು ಬಾರೇ."

ಬಂದೆ ಅಂದಿದ್ದೇನೆ. ಚಪ್ಪಲಿ ಎಲ್ಲಿ…