ನಿನ್ನ ಮೊದಲ ಸಂಬಳದ ಇಸವಿ

ಮನೆಯಿಂದ,
ಹನ್ನೆರಡನೇ ತಾರೀಕು, ಗುರುವಾರ

ಪ್ರೀತಿಯ (ಇವತ್ತಿನ ಮಟ್ಟಿಗೆ ಬರೀ ರೂಢಿಯಿಂದ) ಅಣ್ಣಾ,

ಕ್ಷೇಮವೇ? ಮಂಡಿನೋವು ಹೇಗಿದೆ? ಅಪ್ಪನ ಕಣ್ಣಿನ ಆಪರೇಷನ್ ಚೆನ್ನಾಗಿ ಆಯಿತು. ಎಡಗಣ್ಣು ಮೊದಲೇ ಮಂಜು, ಬಲಗಣ್ಣಿಗೆ ಸೋಮವಾರದವರೆಗೆ ಪಟ್ಟಿ. ಕಿವಿ ಮಾತ್ರ ಪಕ್ಕದ ಮನೆಯ ನಲ್ಲಿಯವರೆಗೂ ಚುರುಕು. ಫೋನಿನಲ್ಲಿ ಬೈದರೆ ಅವರಿಗೆ ಕೇಳಿಸುತ್ತದೆ, ಕಾಗದದಲ್ಲಿ ಬೈದರೆ ಕಾಣಿಸುವುದಿಲ್ಲ. ಆದ್ದರಿಂದ ಕೂತು ಓದು.

ಆಪರೇಷನ್ ದಿನ ಬಂದವನು ನೀನು ಆಸ್ಪತ್ರೆಗೆ ಬರಲಿಲ್ಲ. ಪಕ್ಕದ ಮನೆಯಿಂದ ಬೀಗದ ಕೈ ಇಸಿದುಕೊಂಡು, ಎರಡು ಗಂಟೆ ಕೂತು ಅಪ್ಪನ ನಾಣ್ಯದ ಆಲ್ಬಮ್ ಅಚ್ಚುಕಟ್ಟು ಮಾಡಿ, ನಾಲ್ಕರ ಬಸ್ಸಿಗೆ ಹೊರಟುಹೋದೆ. ಮೇಜಿನ ಮೇಲೆ ಚೀಟಿ ಬೇರೆ: "ಒಂದೇ ವರ್ಷದ್ದು ನಾಲ್ಕಿತ್ತು, ಒಂದು ಬಿಟ್ಟಿದ್ದೀನಿ. ಮಿಕ್ಕಿದ್ದು ಕೆಳಗಿನ ಅಂಗಡೀಲಿ ಸಿಗರೇಟಿಗೆ ಕೊಟ್ಟೆ. ಈಗ ನೀಟಾಗಿದೆ." ನಿನ್ನ ನೀಟು, ನನ್ನ ಮೈಯೆಲ್ಲ ಹೀಟು.

ಅವು ನಾಲ್ಕೂ ಒಂದೇ ಅಲ್ಲ ಕಣೋ. ಇಸವಿಯ ಕೆಳಗೆ ನೋಡಬೇಕು. ಚುಕ್ಕೆ ಇದ್ದರೆ ನಾಣ್ಯ ಅಚ್ಚಾಗುವ ಒಂದು ಟಂಕಸಾಲೆ, ಪುಟ್ಟ ವಜ್ರವಿದ್ದರೆ ಇನ್ನೊಂದು, ನಕ್ಷತ್ರವಿದ್ದರೆ ಮತ್ತೊಂದು, ಏನೂ ಇಲ್ಲದಿದ್ದರೆ ನಾಲ್ಕನೆಯದು. ಏನೂ ಇಲ್ಲದಿರುವುದೂ ಗುರುತೇ ಎಂದು ಅಪ್ಪ ನಮ್ಮಿಬ್ಬರಿಗೂ ಹೇಳಿಕೊಟ್ಟಿದ್ದರು. ನೀನು ಆಗಲೂ ಆಕಳಿಸುತ್ತಿದ್ದೆ. ನಾಲ್ಕೂ ಸೇರಿದರೆ ಆ ವರ್ಷದ ಸೆಟ್ಟು, ಮೂರು ಹೋದರೆ ತಂಗಿಗೆ ಸಿಟ್ಟು. ಅದು ಯಾವ ವರ್ಷ ಎಂದಾದರೂ ನೋಡಿದೆಯಾ? ನಿನಗೆ ಮೊದಲ ಸಂಬಳ ಬಂದ ವರ್ಷ. ಚುಕ್ಕೆಯದು ನೀನೇ ಸಂಬಳದ ಕವರಿನಿಂದ ತೆಗೆದು ಅಪ್ಪನ ಕೈಗಿಟ್ಟದ್ದು. ಉಳಿದ ಮೂರಕ್ಕೆ ಅಪ್ಪ ಒಂಬತ್ತು ವರ್ಷ ಕಂಡಕ್ಟರರನ್ನೂ ಹಾಲಿನವನನ್ನೂ ಕಾಡಿದರು. ಗುರುತಿಲ್ಲದ್ದು ಕಡೆಗೆ ಸಿಕ್ಕಿದ್ದು ನನ್ನ ಹೊಲಿಗೆ ಅಂಗಡಿಯ ಗಲ್ಲಾಪೆಟ್ಟಿಗೆಯಲ್ಲಿ. ನೀನು ಉಳಿಸಿದ್ದು ನಕ್ಷತ್ರದ್ದು, ಹೊಳೆಯುತ್ತಿತ್ತಲ್ಲ, ಅದಕ್ಕೆ.

ಎರಡು ಮಧ್ಯಾಹ್ನ ಕೆಳಗಿನ ಅಂಗಡಿಯವನ ಚಿಲ್ಲರೆ ಡಬ್ಬ ಸುರಿದುಕೊಂಡು ಕೂತೆ. "ಏನಕ್ಕಾ, ಚಿಲ್ಲರೆಗೂ ಭೂತಕನ್ನಡಿನಾ? ನಾನೇನು ಖೋಟಾ ಕೊಡ್ತೀನಾ?" ಎಂದ. ವಜ್ರದ್ದು ಸಿಕ್ಕಿತು, ಆಲ್ಬಮ್ಮಿನ ಕಿಸೆಗೆ ಮರಳಿತು. ಗುರುತಿಲ್ಲದ್ದೂ ಸಿಕ್ಕಿತೆಂದು ಹಿಗ್ಗಿದೆ. ಕನ್ನಡಿ ಹಿಡಿದರೆ ಅದು ಸವೆದುಹೋದ ಚುಕ್ಕೆ, ಇಸವಿಯೂ ಬೇರೆ. ನೀನು ಕೊಟ್ಟ ಚುಕ್ಕೆಯದರ ಸುಳಿವೂ ಇಲ್ಲ.

ನಾಣ್ಯ ಆರಿಸಲು ಎರಡು ಗಂಟೆ ಇತ್ತು ನಿನಗೆ. ಆಸ್ಪತ್ರೆ ಹತ್ತು ನಿಮಿಷದ ದಾರಿ. ಔಷಧಿ ವಾಸನೆ ಆಗಿಬರಲ್ಲ ಎಂಬ ಹಳೇ ರಾಗ ಎಳೆಯಬೇಡ. ನೀನು ಬಂದಿದ್ದೆ ಎಂದೇ ನಾನು ಅಪ್ಪನಿಗೆ ಹೇಳಿಲ್ಲ. ರಜೆ ಸಿಗಲಿಲ್ಲವಂತೆ ಎಂದು ನಿನ್ನ ಪರವಾಗಿ ಸುಳ್ಳು ಹೇಳಿದ್ದೇನೆ.

ಅತ್ತಿಗೆಗೆ ನಮಸ್ಕಾರ, ಮಕ್ಕಳಿಗೆ ಮುದ್ದು. ನಿನಗೆ ಏನೂ ಇಲ್ಲ. ಅದೂ ಒಂದು ಗುರುತೇ.

ಇಂತಿ,
ನಿನ್ನ ತಂಗಿ (ಬದಲಾಯಿಸಲಾಗದ್ದಕ್ಕೆ)

ವಿ.ಸೂ.: ಕವರಿಗೆ ಅಂಟು ಹಚ್ಚುವಷ್ಟರಲ್ಲಿ ಅಪ್ಪ ಆಲ್ಬಮ್ ಕೇಳಿದರು. ಕೊಡದೆ ವಿಧಿಯಿರಲಿಲ್ಲ. ಹಾಳೆ ಎಣಿಸಿ, ಬೆರಳಾಡಿಸುತ್ತ ಆ ಸಾಲಿಗೇ ಬಂದರು. ಎರಡು ಕಿಸೆ ಚಪ್ಪಟೆ. ಆಲ್ಬಮ್ಮಿಗೆ ಹೀಗೆ ಕೈಹಾಕುವವನು ನೀನೊಬ್ಬನೇ. "ಅವನು ಬಂದಿದ್ನಾ?" ಎಂದರು. ಹೂಂ ಎಂದೆ. "ಎಷ್ಟು ಹೊತ್ತಿದ್ದ?" ಎಂದರು. ಎರಡು ಗಂಟೆ ಎನ್ನಲು ನಾಲಿಗೆ ಬರಲಿಲ್ಲ. ಆಸ್ಪತ್ರೆಗೇ ಬಂದಿದ್ದ, ನಿಮಗೆ ಮಂಪರು, ಹತ್ತು ನಿಮಿಷ ಪಕ್ಕದಲ್ಲಿ ಕೂತಿದ್ದ ಎಂದೆ. ಸೋಮವಾರ ಹತ್ತೂವರೆಗೆ ಪಟ್ಟಿ ಬಿಚ್ಚುತ್ತಾರೆ. ಬಂದು ಆ ಹತ್ತು ನಿಮಿಷವನ್ನಾದರೂ ನಿಜ ಮಾಡು.